ಕಾರಣ, ಇದ್ದಲ್ಲಿ

ಬದಿಯಡ್ಕ ಪೇಟೆಯಲ್ಲಿ, ಸೋಡಾ ಅಂಗಡಿಗೆ ತಾಗಿ,
ನನ್ನದೊಂದು ಜೆರಾಕ್ಸ್ ಮೆಷಿನು, ಒಂದು ಸ್ಟೂಲು,
ದಾರ ಕಟ್ಟಿದ ಮೂರು ಪೆನ್ನು.
ಇಪ್ಪತ್ತೆರಡು ವರ್ಷದಿಂದ ಊರವರ ಅರ್ಜಿ ತುಂಬುತ್ತೇನೆ.
ಚಿನ್ನ ಅಡವಿಡುವವರದು, ಆಡು ಸಾಕುವವರ ಸಾಲದ್ದು,
ಪಿಂಚಣಿ ನಿಂತುಹೋದ ಕುಂಞಕ್ಕನದು.
ಮಲಯಾಳದ ಚೌಕಕ್ಕೆ ಮಲಯಾಳ, ಇಂಗ್ಲಿಷಿನ ಚೌಕಕ್ಕೆ ಇಂಗ್ಲಿಷು,
ಕನ್ನಡಕ್ಕೆ ಚೌಕವಿಲ್ಲದ ಕಡೆ
ಅಂಚಿನಲ್ಲಿ ಸ್ವಲ್ಪ ಜಾಗ ಮಾಡಿ.

ಈ ಸಲ ನನ್ನದೇ ಅರ್ಜಿ.
ಹೆಸರು: ವಾರಿಜಾಕ್ಷಿ ಎಂ.
ಬೇಕಾದ್ದು: ಒಂದು ಕ್ರೆಡಿಟ್ ಕಾರ್ಡು.
ಹಳೆ ಮೆಷಿನು ಪ್ರತಿ ಹಾಳೆಯಲ್ಲೂ ಒಂದು ಕಪ್ಪು ಗೆರೆ ಎಳೆಯುತ್ತದೆ,
ಮದುಮಗಳ ಆಧಾರಿನಲ್ಲೂ, ಸತ್ತವರ ಸರ್ಟಿಫಿಕೇಟಿನಲ್ಲೂ
ಒಂದೇ ಗೆರೆ.
ಹೊಸದಕ್ಕೆ ಹನ್ನೆರಡು ಕಂತು,
ಕಾರ್ಡಿದ್ದರೆ ಬಡ್ಡಿಯಿಲ್ಲ ಅಂದಿದ್ದ ಮಾರುವವ.

ಅಕ್ಷರ ಚೌಕದ ಗೋಡೆಗೆ ತಾಗದ ಹಾಗೆ ಬರೆದೆ.
ಹದಿಮೂರನೇ ದಿನ ಮೊಬೈಲು ಒಮ್ಮೆ ನಡುಗಿತು.
ವಿಷಾದಿಸುತ್ತೇವೆ, ಅಂತ ಇತ್ತು.
ವಿಷಾದಿಸಿದ್ದು ಯಾರು ಅಂತ ಇರಲಿಲ್ಲ.

ಬ್ಯಾಂಕಿಗೆ ಹೋದೆ. ಕೊಲ್ಲಂ ಕಡೆಯ ಹೊಸ ಹುಡುಗ,
ಮೀಸೆ ಇನ್ನೂ ಪ್ರೊಬೇಷನ್ನಿನಲ್ಲಿದೆ,
ಪರದೆ ನೋಡಿ, ನನ್ನನ್ನು ನೋಡಿ, ಮತ್ತೆ ಪರದೆ ನೋಡಿ ಹೇಳಿದ:
"ಚೇಚಿ, ಹಿಸ್ಟರಿ ಇಲ್ಲಲ್ಲೋ.
ಚೇಚಿ ಇದುವರೆಗೆ ಒಂದು ಸಾಲವೂ ತೆಗೆದಿಲ್ಲ."

ಇಲ್ಲ. ತೆಗೆದಿಲ್ಲ.
ಅಮ್ಮನ ಆಪರೇಷನ್ನಿಗೆ ಚೀಟಿ ಎತ್ತಿದೆ,
ಬಾವಿ ತೋಡಿಸಲು ಬಳೆ ಮಾರಿದೆ.
ಅಡವಿಟ್ಟದ್ದಲ್ಲ, ಮಾರಿದ್ದು.
ಯಾರಿಗೂ ಕೊಡಲಿಕ್ಕಿಲ್ಲವಲ್ಲ ಅಂತ ಮಲಗುವ ಮೊದಲು
ಬೆರಳು ಮಡಚಿ ಎಣಿಸಿದ ರಾತ್ರಿಗಳು
ಯಾವ ಕಂಪ್ಯೂಟರಿಗೂ ಹೋಗಿರಲಿಲ್ಲ.
ಎಂಟು ಪಾಸ್‌ಬುಕ್ಕು, ರಬ್ಬರ್ ಬ್ಯಾಂಡು ಹಾಕಿದ್ದು, ಮೇಜಿನ ಮೇಲಿಟ್ಟೆ.
ಅವ ರಬ್ಬರ್ ಬ್ಯಾಂಡು ಬಿಚ್ಚಲಿಲ್ಲ.

ಖಾತೆ ಮುಚ್ಚುವ ಅರ್ಜಿ ಕೊಡಿ, ಎಂದೆ.
ಊರಿಗೆಲ್ಲ ಬರೆದುಕೊಟ್ಟ ನಾನು ಇದೊಂದನ್ನು ಕಂಡೇ ಇರಲಿಲ್ಲ.
ಕೊನೆಯ ಚೌಕ: ಕಾರಣ, ಇದ್ದಲ್ಲಿ.
ಅದರಲ್ಲಿ ಉರುಟು ಕನ್ನಡದಲ್ಲಿ ಎರಡು ಸಾಲು ಬರೆದೆ.
"ಇದೆಂತ ಚೇಚಿ?"
"ಓದಲಿಕ್ಕೆ ಬರುವವರು ಮೇಲೆ ಯಾರಾದರೂ ಇರಬಹುದು."
ಸಹಿ ತಾಳೆ ನೋಡಿದ.
ಅದೊಂದು ಆ ದಿನವೂ ತಾಳೆಯಾಯಿತು.

ಸಹಕಾರಿ ಬ್ಯಾಂಕು ಮೀನು ಮಾರ್ಕೆಟಿನ ಮಾಳಿಗೆಯಲ್ಲಿ.
ಅರ್ಧ ಮೆಟ್ಟಿಲಿನ ತನಕ ಬಂಗುಡೆಯ ವಾಸನೆ,
ಅಲ್ಲಿಂದ ಮೇಲೆ ಶಾಯಿಯದು.
ಸೆಕ್ರೆಟರಿ ಐತಪ್ಪಣ್ಣ ಕನ್ನಡಕ ಹಣೆಗೇರಿಸಿ ಕೇಳಿದರು:
"ನಿಮ್ಮನ್ನು ಪರಿಚಯಿಸುವವರು ಯಾರು?"
ಬೆಂಚಿನಿಂದ ಕಾರಿಚ್ಚಿಯಕ್ಕ ಎದ್ದರು, ಬುಟ್ಟಿ ಕೆಳಗಿಟ್ಟು ಬಂದವರು.
"ನನ್ನ ವಿಧವಾ ಪಿಂಚಣಿ ಬರೆದದ್ದು ಇವಳು.
ನನ್ನ ಪ್ರಾಯ ನನಗಿಂತ ಸರಿ ಇವಳಿಗೆ ಗೊತ್ತುಂಟು."
ಹೆಬ್ಬೆಟ್ಟು ಒತ್ತಿದರು.
ಮಸಿಯ ಜೊತೆಗೆ ಮೀನಿನ ಒಂದು ಹುರುಪೆಯೂ ಅಂಟಿತು.
ಐತಪ್ಪಣ್ಣ ಉಗುರಿನಿಂದ ತೆಗೆಯಲು ಹೋಗಿ, ಬಿಟ್ಟರು.

ಇಲ್ಲಿ ಕ್ರೆಡಿಟ್ ಕಾರ್ಡು ಉಂಟಾ, ಕೇಳಿದೆ.
"ಇಲ್ಲ ಮಾರಾಯ್ತಿ, ಆ ವ್ಯವಹಾರವೇ ಇಲ್ಲ."
ಮೂವರೂ ನಕ್ಕೆವು. ಕಾರಿಚ್ಚಿಯಕ್ಕ ಯಾಕೆಂದು ಗೊತ್ತಿಲ್ಲದೆ,
ಎಲ್ಲರಿಗಿಂತ ಜೋರಾಗಿ.

ಸೋಮವಾರ ಆ ಹುಡುಗ ಅಂಗಡಿಗೆ ಬಂದ.
ತನ್ನದೇ ಟ್ರಾನ್ಸ್‌ಫರಿನ ಅರ್ಜಿ, ಆರು ಪ್ರತಿ.
ನೆಟ್‌ವರ್ಕ್ ಸತ್ತಿತ್ತು, ಕಿಸೆಯಲ್ಲಿ ಬರೀ ಐನೂರರ ನೋಟು.
"ನಾಳೆ ಕೊಟ್ಟರೆ ಸಾಕಾ ಚೇಚಿ?"

ಹಾಳೆಗಳನ್ನು ತಟ್ಟಿ ಜೋಡಿಸಿದೆ. ಆರರಲ್ಲೂ ಆ ಕಪ್ಪು ಗೆರೆ,
ಅವನ ಹೆಸರಿನ ನಡುವಿನಿಂದಲೇ ಇಳಿದಿತ್ತು.
ಸಾಕು, ಎಂದೆ.
ಗೆರೆಯ ಬಗ್ಗೆ ಅವನೂ ಏನೂ ಹೇಳಲಿಲ್ಲ.